ಹೊಸ ಮಿಸ್ ಬರುವ ಮೊದಲೇ

ಪ್ರಾಥಮಿಕ ಶಾಲೆಯ ಶಿಕ್ಷಕ ಮಿತ್ರರಿಗೆಲ್ಲ ನಮಸ್ಕಾರ.

ತರಬೇತಿ, ಚುನಾವಣೆ ಕೆಲಸ, ಗಣತಿ, ಹೆರಿಗೆ ರಜೆ... ಏನೋ ಒಂದಕ್ಕೆ ನೀವು ಹೋಗುತ್ತೀರಿ, ನಿಮ್ಮ ತರಗತಿಗೆ ಬೇರೆಯವರು ಬರುತ್ತಾರೆ. ಹಿಂದಿನ ಸಂಜೆ ಮಕ್ಕಳಿಗೆ ಏನು ಹೇಳುತ್ತೀರಿ? "ಗಲಾಟೆ ಮಾಡಿದ್ರೋ, ಬಂದ್ಮೇಲೆ ನೋಡ್ಕೋತೀನಿ!" ಅಷ್ಟೇ ತಾನೆ? ಇದರಿಂದ ಮಗು ನಿಮಗೆ ಹೆದರೀತು. ಬಂದವರಿಗೆ ಮರ್ಯಾದೆ ಕೊಡುವುದನ್ನು ಕಲಿಯದು. ಮರ್ಯಾದೆಯನ್ನು ಮೊದಲೇ ಅಭ್ಯಾಸ ಮಾಡಿಸಬೇಕು, ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ.

ಒಂದು ನಲಿ-ಕಲಿ ಕೋಣೆ ಅಂದುಕೊಳ್ಳಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಇದ್ದಾರೆ, ಗುಂಪುಗುಂಪಾಗಿ ಕೂತು ಪಾಠದ ಕಾರ್ಡು ಹಿಡಿದು ಕಲಿಯುತ್ತಾರೆ. ಅತಿಥಿ ಶಿಕ್ಷಕಿ ಬಂದವರೇ ಎಲ್ಲರನ್ನೂ ಸಾಲಾಗಿ ಕೂರಿಸಿ ಬೋರ್ಡಿನ ಮೇಲೆ ಬರೆಯತೊಡಗುತ್ತಾರೆ. "ನಮ್ ಮಿಸ್ ಹಿಂಗೆ ಮಾಡಲ್ಲ" ಅಂತ ಒಬ್ಬಳು ಕೂತಲ್ಲಿಂದಲೇ ಕೂಗುತ್ತಾಳೆ. ಹಾಜರಿ ಕರೆದರೆ ಒಬ್ಬನ ಹೆಸರಿಗೆ ಇನ್ನೊಬ್ಬ ಓಗೊಡುತ್ತಾನೆ. ನಗು. ಕಾರ್ಡು ಹುಡುಕುತ್ತೇವೆ ಅಂತ ನಾಲ್ಕು ಜನ ಏಳುತ್ತಾರೆ, ಹತ್ತು ನಿಮಿಷದಲ್ಲಿ ಕಾರ್ಡೆಲ್ಲ ನೆಲದ ಮೇಲೆ. ಮಿಸ್ ದನಿ ಏರುತ್ತದೆ. ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರು ಬಂದು ಗದರಿದೊಡನೆ ಎಲ್ಲ ಗಪ್‌ಚಿಪ್. ಅವರು ಬೆನ್ನು ತಿರುಗಿಸಿದರೆ ಮತ್ತೆ ಶುರು. ಹೊಸ ಮಿಸ್ ಮಾತನ್ನು ಕೇಳಬೇಕಾಗಿಲ್ಲ ಎಂದು ಮಕ್ಕಳಿಗೆ ಅಲ್ಲಿಗೆ ಖಾತ್ರಿಯಾಯಿತು. ಖಾತ್ರಿ ಮಾಡಿಕೊಟ್ಟವರು ನಾವೇ!

ಆ ಹುಡುಗಿ ಉಡಾಫೆಯವಳೇ? ಅಲ್ಲ ಸ್ವಾಮಿ. ಅವಳು ಹೇಳಿದ್ದು ನಿಜ. ಅದನ್ನು ಹೇಗೆ ಹೇಳಬೇಕೆಂದು ಯಾರೂ ಅಭ್ಯಾಸ ಮಾಡಿಸಿರಲಿಲ್ಲ.

ಹಾಗಾಗಿ ದಿನಕ್ಕೆ ಐದೇ ನಿಮಿಷದಂತೆ ಒಂದು ವಾರ ಈ ಆಟ ಆಡಿಸಿ. ಒಂದು ಮಗು ಹೊಸ ಮಿಸ್ ಆಗಿ ಬಾಗಿಲಿಂದ ಒಳಗೆ ಬರಲಿ. ಉಳಿದವರು ಎದ್ದು ನಮಸ್ತೆ ಹೇಳಿ ತಂತಮ್ಮ ನಿಜವಾದ ಹೆಸರು ಹೇಳಲಿ. ಆಮೇಲೆ 'ಮಿಸ್' ಬೇಕೆಂದೇ ತಪ್ಪು ಮಾಡಲಿ: ಹೆಸರು ತಪ್ಪಾಗಿ ಕರೆಯಲಿ, ಬೇರೆಯವರ ಕಾರ್ಡು ಕೊಡಲಿ, ಸಾಲಾಗಿ ಕೂರಿ ಅನ್ನಲಿ. ಮಕ್ಕಳು ನಗದೆ, ಕೈ ಎತ್ತಿ, "ಮಿಸ್, ನಾವು ಗುಂಪಲ್ಲಿ ಕೂರ್ತೀವಿ. ಇವತ್ತು ಹೇಗೆ ಕೂರೋಣ?" ಎಂದು ಕೇಳಬೇಕು. ಮಿಸ್ ಸಾಲಾಗಿ ಅಂದರೆ ಸಾಲಾಗಿಯೇ. ಈ ಮಾತು ಪ್ರತಿ ಮಗುವಿನ ಬಾಯಲ್ಲೂ ಬರಬೇಕು. ನೀವು ವಿವರಿಸಿದರೆ ಸಾಲದು. ಆರು ವರ್ಷದ ಮಗು ಉಪದೇಶವನ್ನು ಊಟದ ಬೆಲ್ಲಿಗೇ ಮರೆಯುತ್ತದೆ, ಆಡಿದ ಆಟವನ್ನು ಮರೆಯುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮುಖ್ಯ ಶಿಕ್ಷಕರೇ, ಹೊಸಬರನ್ನು ತರಗತಿಗೆ ನೀವೇ ಕರೆದೊಯ್ದು, ಹೆಸರು ಹೇಳಿ, "ಇವತ್ತು ಇವರೇ ನಿಮ್ಮ ಟೀಚರ್" ಅನ್ನಿ. "ಸ್ವಲ್ಪ ನೋಡ್ಕೊಳಿ" ಅಂತ ಬಾಗಿಲಲ್ಲೇ ಬಿಟ್ಟು ಹೋಗಬೇಡಿ. ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ ಕೊಡಿ, ಮಕ್ಕಳು ಅದನ್ನೂ ನೋಡುತ್ತಿರುತ್ತಾರೆ.

ರಜೆ ಮುಗಿಸಿ ಬಂದ ನೀವು "ಯಾರು ಗಲಾಟೆ ಮಾಡಿದ್ದು?" ಎಂದು ಶುರು ಮಾಡಬೇಡಿ, ಬರೀ ಚಾಡಿ ಬರುತ್ತದೆ. "ಹೊಸ ಮಿಸ್‌ಗೆ ನೀವೇನು ಸಹಾಯ ಮಾಡಿದಿರಿ?" ಎಂದು ಕೇಳಿ. ಮತ್ತೆ, ಹೋಗುವ ಮುನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಹೋಗಿ: ಯಾರು ಯಾವ ಗುಂಪು, ಯಾರಿಗೆ ಕಿವಿ ಮಂದ, ಬೀರುವಿನ ಕೀಲಿ ಎಲ್ಲಿ. ಒಂದು ಪುಟ ಸಾಕು. ನಮಸ್ಕಾರ.