ಪಕ್ಕದ ಮನೆಯವರು ಹೊರಟರೆ ನಾವೂ ಹೊರಡುತ್ತೇವೆ

ಎಲ್ಲರಿಗೂ ನಮಸ್ಕಾರ. ಹಿರಿಯರೇ, ಅಕ್ಕಂದಿರೇ, ತಮ್ಮಂದಿರೇ, ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ.

ದಾವಣಗೆರೆಯಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ಊಟ, ವ್ಯಾಯಾಮದ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದೀರಿ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಅನ್ನೋದು ಇಲ್ಲಿರುವ ಎಲ್ಲರಿಗೂ ಗೊತ್ತು. ಡಾಕ್ಟರು ಚೀಟಿ ಬರೆಯುವಾಗ ಪ್ರತಿ ಸಲ ಹೇಳುತ್ತಾರೆ. ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ. ಗೊತ್ತಿದ್ದೂ ಯಾಕೆ ಆಗುತ್ತಿಲ್ಲ? ಆ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ.

ನನಗೆ ಶುಗರ್ ಇದೆ ಅಂತ ಗೊತ್ತಾದದ್ದು 52ನೇ ವಯಸ್ಸಿನಲ್ಲಿ. ಮರುದಿನವೇ ಬೆಳಗ್ಗೆ ಐದೂವರೆಗೆ ಎದ್ದು ಹೊರಟೆ. ಹದಿನೈದು ದಿನ ನಡೆದೆ, ಹದಿನಾರನೇ ದಿನ ಬಿಟ್ಟೆ. ಸೋಮಾರಿತನ ಅಂತ ಮನೆಯವರು ಅಂದರು, ನಾನೂ ಹಾಗೇ ಅಂದುಕೊಂಡೆ. ಆಮೇಲೆ ಕೂತು ಯೋಚಿಸಿದೆ. ನಮ್ಮ ಓಣಿಯ ತಿರುವಿನಲ್ಲಿ ಬೀದಿ ದೀಪ ಕೆಟ್ಟು ತಿಂಗಳುಗಳಾಗಿದ್ದವು. ಆ ಕತ್ತಲಲ್ಲಿ ಐದಾರು ನಾಯಿಗಳು ಮಲಗಿರುತ್ತಿದ್ದವು. ಆ ಹೊತ್ತಿಗೆ ರಸ್ತೆಯಲ್ಲಿ ಇನ್ನೊಬ್ಬ ಹೆಂಗಸು ಕಾಣುತ್ತಿರಲಿಲ್ಲ. ಕೊನೆಯ ದಿನ ಒಂದು ನಾಯಿ ಸೀರೆಯ ಅಂಚು ಹಿಡಿದು ಎಳೆದಿತ್ತು. ಮನೆಗೆ ಬಂದವಳು ಮತ್ತೆ ಹೊರಗೆ ಹೋಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಎದುರು ಮನೆಯ ಅಕ್ಕ ಬಂದರು. "ಟೀಚರಮ್ಮ, ನನಗೂ ಡಾಕ್ಟ್ರು ವಾಕಿಂಗ್ ಹೇಳ್ಯಾರೆ. ಒಬ್ಬಳೇ ಹೋಗಾಕೆ ಹೆದ್ರಿಕೆ. ನೀವು ಬರ್ತೀರೇನ್ರಿ?" ಇಬ್ಬರಾದೆವು. ವಾರ ಕಳೆಯುವಷ್ಟರಲ್ಲಿ ನಾಲ್ವರಾದೆವು. ನಾಲ್ಕು ಜನ ಒಟ್ಟಿಗೆ ಬಂದರೆ ನಾಯಿಗಳೇ ಎದ್ದು ದೂರ ಹೋಗುತ್ತಿದ್ದವು. ದೀಪಕ್ಕಾಗಿ ಒಂದು ಅರ್ಜಿ ಬರೆದೆವು, ಹನ್ನೊಂದು ಜನ ಸಹಿ ಹಾಕಿದರು. ತಿಂಗಳೊಳಗೆ ದೀಪ ಹತ್ತಿತು. ನಾನೊಬ್ಬಳೇ ಕೇಳಿದಾಗ ಹತ್ತಿರಲಿಲ್ಲ.

ಇದಾಗಿ ಒಂಬತ್ತು ವರ್ಷ. ಈಗಲೂ ನಡೆಯುತ್ತಿದ್ದೇನೆ. ಎಷ್ಟು ಗಟ್ಟಿ ಮನಸ್ಸು ಅಂತ ಜನ ಹೇಳುತ್ತಾರೆ. ಐದೂವರೆಗೆ ಎದುರು ಮನೆಯ ಗೇಟು ಕಿರ್ ಅನ್ನುತ್ತದೆ, ಅಕ್ಕ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾರೆ. ಹಾಸಿಗೆ ಬಿಡಿಸುವುದು ಆ ಸದ್ದು.

2023ರಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ ಬಂತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಶುಗರ್ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಇಷ್ಟು ಕೋಟಿ ಜನ ಒಟ್ಟಿಗೆ ಸೋಮಾರಿಗಳಾದರು ಅಂತ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಸುತ್ತಲಿನ ಬದುಕು ಬದಲಾಗಿದೆ.

ನಮ್ಮ ಊರನ್ನೇ ನೋಡಿ. ಒಂದು ಕಾಲಕ್ಕೆ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸೈರನ್ ಆದಾಗ ಓಣಿಯ ಗಂಡಸರೆಲ್ಲ ನಡೆದೇ ಹೊರಡುತ್ತಿದ್ದರು. ಎಂಟು ಗಂಟೆ ನಿಂತು ದುಡಿದು, ಮತ್ತೆ ನಡೆದು ಬರುತ್ತಿದ್ದರು. ಅಂಥ ದೇಹಕ್ಕೆ ಸಂಜೆ ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಬೋಂಡ ಯಾವ ಲೆಕ್ಕ? ಈಗ ಮಿಲ್ಲುಗಳ ಸೈರನ್ ಇಲ್ಲ. ಬೋಂಡ ಉಳಿದಿದೆ. ದುಡಿಮೆ ಹೋಯಿತು, ಅದರ ಜೊತೆಗಿದ್ದ ತಿಂಡಿ ಹಾಗೇ ನಿಂತಿತು.

ಬೆಣ್ಣೆ ದೋಸೆ ಬಿಡಿ ಅಂತ ಹೇಳಲು ನಾನು ಬಂದಿಲ್ಲ. ಅದು ನಮ್ಮ ಊರಿನ ಹೆಸರು. ಮೊದಮೊದಲು ಇಲ್ಲಿ ಮಾರುತ್ತಿದ್ದದ್ದು ರಾಗಿ ಹಿಟ್ಟಿನ ದೋಸೆ, ಅಕ್ಕಿ ಮತ್ತು ಬೆಣ್ಣೆ ಆಮೇಲೆ ಬಂದವು ಅಂತ ಊರಿನಲ್ಲಿ ಒಂದು ಮಾತಿದೆ. ನನಗೆ ಆ ಮಾತು ಇಷ್ಟ. ತಿಂಗಳಿಗೊಮ್ಮೆ ಮನೆಯವರೆಲ್ಲ ಹೋಗಿ ಖುಷಿಯಿಂದ ತಿನ್ನಿ. ಮಂಡಕ್ಕಿಯೂ ಕೆಟ್ಟದ್ದಲ್ಲ. ಬಿಸಿ ಮರಳಿನಲ್ಲಿ ಅರಳಿದ್ದು, ಅದರಲ್ಲಿ ಎಣ್ಣೆ ಇಲ್ಲ. ಈರುಳ್ಳಿ, ಟೊಮೆಟೊ, ಸೌತೆಕಾಯಿ, ಹುರಿದ ಶೇಂಗಾ ಹಾಕಿ, ನಿಂಬೆಹಣ್ಣು ಹಿಂಡಿ. ತೊಂದರೆ ಇರುವುದು ಪಕ್ಕದ ಬಾಣಲೆಯಲ್ಲಿ. ಒಂದೇ ಎಣ್ಣೆ ಬೆಳಗ್ಗೆಯಿಂದ ಕುದಿಯುತ್ತದೆ, ಕಪ್ಪಾಗುತ್ತದೆ, ನೊರೆ ಬರುತ್ತದೆ, ಅದಕ್ಕೇ ಹೊಸ ಎಣ್ಣೆ ಸುರಿಯುತ್ತಾರೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ದೇಹಕ್ಕೆ ಹಾನಿ ಮಾಡುವ ಅಂಶ ಸೇರುತ್ತಾ ಹೋಗುತ್ತದೆ. ಅದಕ್ಕೊಂದು ಮಿತಿಯನ್ನು ಕಾನೂನೇ ಹಾಕಿದೆ, ದಾಟಿದ ಎಣ್ಣೆಯನ್ನು ಬಳಸುವ ಹಾಗಿಲ್ಲ. ಆದರೆ ಗಾಡಿಯವನ ಮೇಲೆ ರೇಗಬೇಡಿ. ಅವನದೂ ಹೊಟ್ಟೆಪಾಡು. ಗಿರಾಕಿಗಳು ಹತ್ತು ಜನ ಸೇರಿ "ಅಣ್ಣಾ, ಎಣ್ಣೆ ಬದಲಾಯಿಸಿ, ಒಂದು ರೂಪಾಯಿ ಜಾಸ್ತಿ ತಗೊಳ್ಳಿ" ಅಂದರೆ ಅವನು ಕೇಳುತ್ತಾನೆ. ನಮ್ಮ ಓಣಿಯ ಗಾಡಿಯವನು ಕೇಳಿದ್ದಾನೆ.

ಈಗ ಬೆಣ್ಣೆಯ ಇನ್ನೊಂದು ಊರಿನ ಕತೆ ಹೇಳುತ್ತೇನೆ. ಫಿನ್ಲೆಂಡ್ ದೇಶದ ಪೂರ್ವಕ್ಕೆ ಉತ್ತರ ಕರೇಲಿಯಾ ಅಂತ ಒಂದು ಸೀಮೆ. ಹೈನುಗಾರಿಕೆಯ ನಾಡು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಊಟಕ್ಕೆ ಕೊಬ್ಬಿನ ಮಾಂಸ, ಜಾಸ್ತಿ ಉಪ್ಪು. ಗಂಡಸರಲ್ಲಿ ಸಿಗರೇಟೂ ಜಾಸ್ತಿ. ನಲವತ್ತು ಐವತ್ತರ ವಯಸ್ಸಿನವರು, ಮರ ಕಡಿಯುವ ಗಟ್ಟಿಮುಟ್ಟು ಆಳುಗಳು, ಹೃದಯಾಘಾತದಿಂದ ಸಾಯುತ್ತಿದ್ದರು. ಆ ಜನರೇ 1971ರಲ್ಲಿ ಸರ್ಕಾರಕ್ಕೆ ಮನವಿ ಕೊಟ್ಟರು, ಏನಾದರೂ ಮಾಡಿ ಅಂತ. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಎಳೆಯ ವೈದ್ಯರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು.

ಅವರು ಮಾಡಿದ್ದನ್ನು ಕೇಳಿ. ಆಸ್ಪತ್ರೆಯಲ್ಲಿ ಕೂತು ರೋಗಿಗಳಿಗೆ ಕಾಯಲಿಲ್ಲ. ಹಳ್ಳಿಯ ಗೃಹಿಣಿಯರ ಸಂಘದ ಹತ್ತಿರ ಹೋದರು. ಆ ಹೆಂಗಸರು ಸಂಜೆ ಹೊತ್ತು ಊರವರನ್ನು ಸೇರಿಸಿ, ಅದೇ ಹಳೆಯ ಅಡುಗೆಯನ್ನು ಕಡಿಮೆ ಕೊಬ್ಬು, ಜಾಸ್ತಿ ತರಕಾರಿ ಹಾಕಿ ಮಾಡಿ ಬಡಿಸಿದರು. ಎಲ್ಲರೂ ಒಟ್ಟಿಗೆ ಕೂತು ಉಂಡರು. ಊರಿಗೂ ಊರಿಗೂ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯ ಇಟ್ಟರು. ಸಾಸೇಜ್ ಮಾಡುವವರ ಜೊತೆ ಮಾತಾಡಿ ಕೊಬ್ಬು ಕಡಿಮೆ ಮಾಡಿಸಿದರು. ಹೈನುಗಾರರು ಬೀದಿಗೆ ಬೀಳಬಾರದು ಅಂತ ಅವರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವು ಕೊಡಿಸಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು, ಮಾರುವವನ ಹೊಟ್ಟೆಯನ್ನೂ ಅವರು ಮರೆಯಲಿಲ್ಲ. ಮೂವತ್ತೈದು ವರ್ಷಗಳಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯದ ಕಾಯಿಲೆಯ ಸಾವು 100ಕ್ಕೆ 80ಕ್ಕಿಂತ ಜಾಸ್ತಿ ಇಳಿಯಿತು.

ಗೃಹಿಣಿಯರ ಸಂಘ ಅಂದೆ. ಸ್ತ್ರೀಶಕ್ತಿ ಸಂಘಗಳು ನಮ್ಮಲ್ಲೂ ಇವೆ ಅಲ್ವಾ? ಇಲ್ಲೇ ಎರಡು ಸಂಘದವರು ಕೂತಿದ್ದೀರಿ. ವಾರಕ್ಕೊಮ್ಮೆ ಸೇರಿ ಉಳಿತಾಯದ ಲೆಕ್ಕ ಬರೆಯುತ್ತೀರಿ. ಆ ಸಭೆಯಲ್ಲೇ ನಾವು ಎರಡು ತೀರ್ಮಾನ ಮಾಡಿದೆವು. ಅವೆರಡರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಮೊದಲನೆಯದು ಚಹಾ. ದಿನಕ್ಕೆ 25 ಗ್ರಾಂ ಸಕ್ಕರೆ ಮಿತಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೇಳಿದ್ದಾರೆ. ಅಂದರೆ ಐದಾರು ಚಮಚ. ಅರಿಶಿನ ಕುಂಕುಮಕ್ಕೆ ನಾಲ್ಕು ಮನೆಗೆ ಹೋದರೆ ನಾಲ್ಕು ಲೋಟ ಚಹಾ, ಒಂದೊಂದಕ್ಕೆ ಎರಡು ಚಮಚ. ಬೇಡ ಅಂದರೆ "ನಮ್ಮನೆ ಚಹಾ ಸೇರಲ್ವಾ?" ಅನ್ನುತ್ತಾರೆ. ಹಾಗಾಗಿ ಸಕ್ಕರೆ ಡಬ್ಬಿ ಬೇರೆ ಇಡೋಣ, ಬೇಕಾದವರು ಹಾಕಿಕೊಳ್ಳಲಿ ಅಂತ ಸಂಘದಲ್ಲೇ ಮಾತಾಯಿತು. ಈಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು ಒತ್ತಾಯ. ಸೀಮಂತ, ನಾಮಕರಣ, ಗೃಹಪ್ರವೇಶ, ಯಾವುದೇ ಇರಲಿ, ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಹೋಳಿಗೆ ಜಾರಿಸುತ್ತೇವೆ. ಅದು ನಮ್ಮ ಪ್ರೀತಿ, ಅದನ್ನು ಹೀಯಾಳಿಸುವವಳು ನಾನಲ್ಲ. ಆದರೆ ಶುಗರ್ ಇರುವ ಮನುಷ್ಯ ಹತ್ತು ಜನರ ಮುಂದೆ ಮೂರು ಸಲ ಬೇಡ ಅನ್ನಬೇಕು, ಮೂರನೇ ಸಲ ಸೋಲುತ್ತಾನೆ. ನಮ್ಮ ಓಣಿಯಲ್ಲಿ ಈಗ ಒತ್ತಾಯ ಕೋಸಂಬರಿಗೆ, ಪಲ್ಯಕ್ಕೆ, ಮೊಳಕೆ ಕಾಳಿಗೆ. ಅವು ಮೊದಲು ಬರುತ್ತವೆ, ಎರಡನೇ ಸಲವೂ ಬರುತ್ತವೆ. ಸಿಹಿ ಒಂದು ಸಲ. ಕೇಳಿದವರಿಗೆ ಮಾತ್ರ ಇನ್ನೊಂದು. ಹಿರಿಯ ಅಜ್ಜಿಯೊಬ್ಬರು ಮೊದಲು ಸಿಟ್ಟಾದರು, ಬಂದವರಿಗೆ ಬಡಿಸದಿದ್ದರೆ ಮನೆತನದ ಮಾನ ಏನಾಗಬೇಕು ಅಂತ. ಈಗ ಕೋಸಂಬರಿಯ ಪಾತ್ರೆ ಹಿಡಿದು ಎಲ್ಲರಿಗಿಂತ ಜೋರಾಗಿ ಒತ್ತಾಯ ಮಾಡುವವರು ಅವರೇ.

ಊಟದ ಬಗ್ಗೆ ನಮಗೆ ಹೊಸದೇನೂ ಕಲಿಯಬೇಕಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಸೌತೆಕಾಯಿ. ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಬೇಕು ಅಂತ ಅದೇ ಪೋಷಣಾ ಸಂಸ್ಥೆ ಹೇಳುತ್ತದೆ. ಈ ಊಟ ಅದರ ಹತ್ತಿರವೇ ಇದೆ. ಚಿತ್ರದುರ್ಗದ ಕಡೆಯ, ಹೊಸದುರ್ಗದ ಕಡೆಯ ಒಣ ಹೊಲಗಳಲ್ಲಿ ಸಾವೆ, ನವಣೆ, ರಾಗಿ ಬೆಳೆಯುತ್ತಿದ್ದರು, ಈಗಲೂ ಬೆಳೆಯುತ್ತಾರೆ. ನಮ್ಮ ಕಡೆಗೆ ಭದ್ರಾ ನಾಲೆ ಬಂತು, ಭತ್ತ ಬಂತು, ಹಬ್ಬದ ದಿನದ ಅನ್ನ ಮೂರು ಹೊತ್ತಿನ ಅನ್ನವಾಯಿತು. ನಾಲೆ ನಮ್ಮ ಹಸಿವು ನೀಗಿಸಿದೆ, ಅದರ ಋಣ ದೊಡ್ಡದು. ರಾತ್ರಿ ಒಂದು ಹೊತ್ತು ಮುದ್ದೆಗೋ ನವಣೆ ಅನ್ನಕ್ಕೋ ಮರಳಿದರೆ ಸಾಕು. ಒಂದೊಂದೇ ಕೆ.ಜಿ. ಕೊಂಡರೆ ಸಿರಿಧಾನ್ಯ ದುಬಾರಿ. ಹತ್ತು ಮನೆಯವರು ಸೇರಿ ರೈತರ ಹತ್ತಿರ ಚೀಲದ ಲೆಕ್ಕದಲ್ಲಿ ತಂದು ಹಂಚಿಕೊಂಡರೆ ನಮಗೆ ಉಳಿಯುತ್ತದೆ, ಅವರಿಗೂ ನೇರವಾಗಿ ದುಡ್ಡು ಸಿಗುತ್ತದೆ. ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರ ಎಲ್ಲ ಅದರೊಳಗೇ ಬರಬೇಕು.

ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುತ್ತದೆ. ಅಂದರೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ. ರಾತ್ರಿ ಉಂಡ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡಿದರೂ ಲಾಭ ಇದೆ. ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಆಗಲೇ ಎಳೆದುಕೊಂಡು ಬಳಸುತ್ತವೆ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗ್ಗೆ ನೋಡಿ, ಎಷ್ಟೊಂದು ಜನ! ಚಿತ್ರದುರ್ಗದಲ್ಲಿ ದಿನಾ ಕೋಟೆ ಹತ್ತಿ ಇಳಿಯುವವರಿದ್ದಾರೆ. ನೋಡಿದರೆ ಸಂತೋಷವಾಗುತ್ತದೆ. ಆದರೆ ಹಳೇ ಪೇಟೆಯ ಓಣಿಯಲ್ಲಿ, ಬೆಳಗ್ಗೆ ಆರಕ್ಕೆ ನಲ್ಲಿ ನೀರು ಹಿಡಿಯಬೇಕಾದ ಹೆಂಗಸು ಆಟೋ ಹಿಡಿದು ಕುಂದವಾಡ ಕೆರೆಗೆ ಹೋಗಿ ನಡೆಯುತ್ತಾಳೆಯೇ? ಅವಳಿಗೆ ಮನೆಯಿಂದ ಇನ್ನೂರು ಹೆಜ್ಜೆಯೊಳಗೆ ಜಾಗ ಬೇಕು. ಬೆಳಕಿರಬೇಕು, ಜೊತೆ ಇರಬೇಕು.

ಅಂಥ ಜಾಗ ಪ್ರತಿ ವಾರ್ಡಿನಲ್ಲೂ ಇದೆ. ಶಾಲೆಯ ಮೈದಾನ. ಸಂಜೆ ಐದಕ್ಕೆ ಅದಕ್ಕೆ ಬೀಗ ಬೀಳುತ್ತದೆ.

ಇದನ್ನು ಹೇಳುವಾಗ ನನ್ನ ದನಿ ಏರಿದರೆ ಕ್ಷಮಿಸಿ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವ ಆಟ ಬೇಕು. ನಾನು ಕೆಲಸ ಮಾಡಿದ ಕಡೆ ಪರೀಕ್ಷೆ ಹತ್ತಿರ ಬಂತು ಅಂದರೆ ಮೊದಲು ಕಿತ್ತುಕೊಳ್ಳುತ್ತಿದ್ದದ್ದು ನನ್ನ ಪೀರಿಯಡ್ಡು. ಲೆಕ್ಕದ ಪಾಠ ಮುಗಿದಿಲ್ಲ, ಸಮಾಜದ ಪಾಠ ಮುಗಿದಿಲ್ಲ. ಮಕ್ಕಳು ಕಿಟಕಿಯಿಂದ ನನ್ನನ್ನು ನೋಡುತ್ತಿದ್ದರು. ಅದಕ್ಕಿಂತ ನೋವಿನದು ಹುಡುಗಿಯರದು. ಏಳನೇ ಕ್ಲಾಸಿನವರೆಗೆ ಖೋಖೋದಲ್ಲಿ ಮಿಂಚಿನಂತೆ ಓಡುತ್ತಿದ್ದವರು ಎಂಟನೇ ಕ್ಲಾಸಿಗೆ ಬಂದರೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ದೊಡ್ಡವಳಾದಳು, ಇನ್ನೇನು ಓಡೋದು ಅಂತ ಮನೆಯಲ್ಲಿ ಹೇಳಿರುತ್ತಿದ್ದರು. ನಮ್ಮ ಊರು ಕುಸ್ತಿಯ ಊರು. ಗರಡಿ ಮನೆಗಳಲ್ಲಿ ಮಣ್ಣು ಹದ ಮಾಡಿ, ಎಣ್ಣೆ ಹಚ್ಚಿ, ಗಂಡುಮಕ್ಕಳ ಮೈ ಕಟ್ಟಿಸಿದ ಊರು. ಹೆಣ್ಣುಮಕ್ಕಳಿಗೆ ಮನೆ ಮುಂದಿನ ಕುಂಟೆಬಿಲ್ಲೆ ಒಂದಿತ್ತು, ಅಲ್ಲೀಗ ಬೈಕು ನಿಲ್ಲುತ್ತವೆ. ಹದಿಮೂರಕ್ಕೆ ಆಟ ಬಿಟ್ಟ ಹುಡುಗಿಯೇ ನಲವತ್ತಕ್ಕೆ ಮೊಣಕಾಲು ಹಿಡಿದುಕೊಂಡು ಬರುತ್ತಾಳೆ. ನಾನು ಎಷ್ಟೋ ಜನರನ್ನು ನೋಡಿದ್ದೇನೆ, ನನ್ನ ತಂಡದಲ್ಲಿ ಆಡಿದವರನ್ನೇ.

ಕೊಲಂಬಿಯಾದ ರಾಜಧಾನಿ ಬೊಗೋಟದಲ್ಲಿ 1970ರ ದಶಕದಿಂದ ಭಾನುವಾರ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ದೊಡ್ಡ ದೊಡ್ಡ ರಸ್ತೆಗಳಲ್ಲಿ ಕಾರು ಬಸ್ಸು ಬಿಡುವುದಿಲ್ಲ. 120 ಕಿಲೋಮೀಟರಿಗೂ ಜಾಸ್ತಿ ರಸ್ತೆ ನಡೆಯುವವರಿಗೆ, ಸೈಕಲ್ಲಿನವರಿಗೆ, ಮಕ್ಕಳಿಗೆ. ಅಷ್ಟು ದೊಡ್ಡದನ್ನು ನಾನು ಕೇಳುತ್ತಿಲ್ಲ. ನಮ್ಮ ಓಣಿಯ ಹಿಂದಿನ ಶಾಲೆಯ ಮೈದಾನ, ಸಂಜೆ ಐದರಿಂದ ಏಳರವರೆಗೆ. ಮೊದಲ ಒಂದು ಗಂಟೆ ಮಕ್ಕಳ ಆಟ, ಖೋಖೋ ಕಲಿಸಲು ನಾನಿದ್ದೇನೆ. ಆಮೇಲೆ ಹೆಂಗಸರ ನಡಿಗೆ.

ಹೆಡ್‌ಮೇಷ್ಟ್ರ ಜೊತೆ ಹೋದ ವಾರ ಮಾತಾಡಿದ್ದೇನೆ. ಅವರು ಒಪ್ಪಿದ್ದಾರೆ. ಅವರ ಚಿಂತೆ ಎರಡೇ. ಗೇಟಿನ ಕೀಲಿಗೆ ಯಾರು ಜವಾಬ್ದಾರಿ, ಆಟ ಮುಗಿದ ಮೇಲೆ ಮೈದಾನ ಗುಡಿಸುವವರು ಯಾರು. ಸೋಮವಾರ, ಮಂಗಳವಾರ ನಾನು. ಬುಧವಾರಕ್ಕೆ ಎದುರು ಮನೆಯ ಅಕ್ಕ ಆಗಲೇ ಒಪ್ಪಿಕೊಂಡಿದ್ದಾರೆ. ಗುರುವಾರ, ಶುಕ್ರವಾರ, ಶನಿವಾರ ಖಾಲಿ ಇವೆ. ಸಂಘದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ವಾರದ ಹೆಸರು ಬರೆದು ಇಟ್ಟಿದ್ದೇನೆ, ಪೆನ್ನೂ ಅಲ್ಲೇ ಇದೆ. ಚಹಾ ಬರುವಷ್ಟರಲ್ಲಿ ಆ ಮೂರು ದಿನದ ಎದುರು ಯಾರಾದರೂ ಹೆಸರು ಬರೆಯಿರಿ. ಸಕ್ಕರೆ ಡಬ್ಬಿ ಮೇಜಿನ ಆ ಕಡೆ ಇದೆ.