ಫಿಲಿಪಿನೊಗಳ ಹೋರಾಟದ ಹಾಡು ಯಾಕೆ ಜೋಗುಳದ ಹಾಗೆ ಕೇಳಿಸುತ್ತದೆ?

ನಮಸ್ಕಾರ. ದುಬೈನಲ್ಲಿರುವ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನ ಫಿಲಿಪಿನೊಗಳು. ಯಾರದ್ದೇ ಹುಟ್ಟುಹಬ್ಬ ಬಂದರೂ ಊಟಕ್ಕೆ ಮೊದಲು ಕ್ಯಾರಿಯೋಕೆ ಮೈಕ್ ಹೊರಗೆ ಬರುತ್ತದಂತೆ. ಹಾಡು, ನಗು, ಗಲಾಟೆ. ಒಂದು ಸಲ ಮಾತ್ರ ಒಂದು ಹಾಡು ಶುರುವಾದ ಕೂಡಲೇ ಎಲ್ಲರೂ ತಟ್ಟೆ ಕೆಳಗಿಟ್ಟರು. ಇಬ್ಬರ ಕಣ್ಣಲ್ಲಿ ನೀರು. "ಜೋಗುಳ ಇರಬೇಕು ಅಂದುಕೊಂಡೆ. ಕೇಳಿದರೆ, ಸರ್ವಾಧಿಕಾರಿಯನ್ನು ಓಡಿಸಿದ ಹಾಡು ಅಂದರು. ನನಗೆ ಅರ್ಥ ಆಗಿದ್ದು 'ಇಬೋನ್' ಅನ್ನುವ ಒಂದೇ ಪದ, ಅದೂ ಅವರೇ ಹೇಳಿಕೊಟ್ಟಿದ್ದು" ಅಂತ ಬರೆದಿದ್ದಾರೆ.

ಇಬೋನ್ ಅಂದರೆ ಹಕ್ಕಿ. ಆ ಹಕ್ಕಿ ಹತ್ತಿರ ಬರೋಣ. ಅದಕ್ಕೆ ಮೊದಲು 20 ಸೆಕೆಂಡಿನ ಇತಿಹಾಸ.

[ತೆರೆಯ ಮೇಲೆ: ನಕ್ಷೆ]

ಫಿಲಿಪೀನ್ಸ್ ದೇಶವನ್ನು ಸ್ಪೇನ್ 300 ವರ್ಷಕ್ಕೂ ಜಾಸ್ತಿ ಆಳಿತು. 1898ರಲ್ಲಿ ಫಿಲಿಪಿನೊಗಳು ಸ್ವಾತಂತ್ರ್ಯ ಘೋಷಿಸಿದರು. ಅದೇ ವರ್ಷ ಸ್ಪೇನ್ 2 ಕೋಟಿ ಡಾಲರ್ ತೆಗೆದುಕೊಂಡು ದೇಶವನ್ನು ಅಮೆರಿಕಕ್ಕೆ ಬರೆದುಕೊಟ್ಟಿತು. ಮನೆಯೊಳಗೆ ಜನ ಇರುವಾಗಲೇ ಅವರನ್ನು ಕೇಳದೆ ಮನೆ ಮಾರಿದ ಹಾಗೆ. ನಡುವೆ ಜಪಾನ್ ಬಂತು, ಹೋಯಿತು. ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ. ಇಷ್ಟು ಸಾಕು.

ಈಗ ಹಾಡು. ತಗಾಲಗ್ ಭಾಷೆಯಲ್ಲಿ ಕುಂದಿಮಾನ್ ಅಂತ ಒಂದು ಬಗೆಯ ಪ್ರೇಮಗೀತೆ ಇದೆ. ಮೂರು ಎಣಿಕೆಯ ತಾಳ, ನಿಧಾನದ ಧಾಟಿ. ಹುಡುಗಿಗಾಗಿ ಹುಡುಗ ಕೊರಗುತ್ತಾನೆ, ಅಷ್ಟೇ ಕಥೆ. ಆದರೆ ಸ್ಪೇನ್ ವಿರುದ್ಧ ಕ್ರಾಂತಿ ನಡೆಯುತ್ತಿದ್ದಾಗ ಬಾಲಿವಾಗ್ ಊರಿನ ಒಬ್ಬ ಹುಡುಗಿಯನ್ನು ಹೊಗಳುವ ಹಾಡಿಗೆ 'ಕ್ರಾಂತಿಯ ಕುಂದಿಮಾನ್' ಅಂತಲೇ ಹೆಸರು ಬಂತು. ಹಾಡಿನಲ್ಲಿ ಹುಡುಗಿ, ಹಾಡುವವರ ಮನಸ್ಸಿನಲ್ಲಿ ನಾಡು. ಸಿಪಾಯಿ ಬಂದು ಕೇಳಿದರೆ "ಸುಮ್ನೆ ಪ್ರೀತಿ ಹಾಡು ಸ್ವಾಮಿ" ಅಂದರಾಯಿತು. ಪ್ರೀತಿಸಿದ್ದಕ್ಕೆ ಕೇಸು ಹಾಕಲಾಗುತ್ತದೆಯೇ?

ಈ ವೇಷ ಮರೆಸುವ ಕಲೆ ಎಷ್ಟು ದೂರ ಹೋಯಿತು ನೋಡಿ. ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತಗೊಳ್ತೀನಿ.

1901ರಲ್ಲಿ ಅಮೆರಿಕದವರು ಸ್ವಾತಂತ್ರ್ಯ ಬೇಕು ಅಂತ ಮಾತಾಡುವುದನ್ನೇ ಅಪರಾಧ ಮಾಡಿದರು. 1907ರಲ್ಲಿ ಬಾವುಟ ಹಾರಿಸುವುದನ್ನೂ ನಿಷೇಧಿಸಿದರು. ಆ ವರ್ಷಗಳಲ್ಲಿ ನಾಟಕದವರು ಮಾಡಿದ್ದೇನು ಗೊತ್ತಾ? ಒಬ್ಬ ನಟಿಗೆ ನೀಲಿ ಬಟ್ಟೆ, ಒಬ್ಬನಿಗೆ ಕೆಂಪು, ಇನ್ನೊಬ್ಬರಿಗೆ ಬಿಳಿ. ನಾಟಕದುದ್ದಕ್ಕೂ ಅವರು ದೂರ ದೂರ ಓಡಾಡುತ್ತಾರೆ. ಸಂಗೀತ ಏರುವ ಹೊತ್ತಿಗೆ, ಏನೋ ಗಡಿಬಿಡಿಯಲ್ಲಿ ಬಂದವರ ಹಾಗೆ ಎಲ್ಲರೂ ದೀಪದ ಮುಂದೆ ಒಟ್ಟಾಗಿ ನಿಂತು ಸ್ವಲ್ಪ ತೂಗಾಡುತ್ತಾರೆ. ಒಂದು ಕ್ಷಣ ಅಷ್ಟೇ. ರಂಗದ ಮೇಲೆ ಬಾವುಟ ಹಾರಿಬಿಟ್ಟಿತು! ಮುಂದಿನ ಕ್ಷಣ ಎಲ್ಲರೂ ಚದುರಿದರು. ಪೊಲೀಸಿನವನು ಏನನ್ನು ಜಪ್ತಿ ಮಾಡಬೇಕು, ಸೆರಗನ್ನೇ? ನಾಟಕಗಳ ಮೇಲೆ ಕೇಸುಗಳು ಬಿದ್ದವು, ಜೈಲೂ ಆಯಿತು. ಆದರೂ ಆ ಗಳಿಗೆಯಲ್ಲಿ ಕೂತು ನೋಡಿದವರ ಮೈ ಹೇಗೆ ಜುಮ್ಮೆಂದಿರಬೇಕು!

ಇದೇ ಗರಡಿಯಲ್ಲಿ ಬೆಳೆದದ್ದು ನಮ್ಮ ಹಕ್ಕಿ. ಹಾಡಿನ ಹೆಸರು 'ಬಾಯನ್ ಕೊ', ಅಂದರೆ ನನ್ನ ನಾಡು. ಮೊದಲು ಸ್ಪ್ಯಾನಿಷ್‌ನಲ್ಲಿ ಇದರ ಸಾಹಿತ್ಯ ಬರೆದವರು ಕ್ರಾಂತಿಯ ಸೇನಾನಿ ಹೊಸೆ ಅಲೆಹಾಂದ್ರಿನೊ. 1920ರ ದಶಕದ ಕೊನೆಗೆ ಕವಿ ಹೊಸೆ ಕೊರಸೋನ್ ದೆ ಹೆಸೂಸ್ ತಗಾಲಗ್ ಸಾಹಿತ್ಯ ಕೊಟ್ಟರು, ಕೊನ್‌ಸ್ತಾನ್ಸಿಯೊ ದೆ ಗುಸ್ಮಾನ್ ರಾಗ ಹಾಕಿದರು. ಧಾಟಿ ಅದೇ ಕುಂದಿಮಾನ್‌ನದು, ಅದಕ್ಕೇ ಜೋಗುಳದ ಹಾಗೆ ಕೇಳಿಸುವುದು. ಹಾಡು ಹೇಳುವುದು ಸರಳ ಮಾತು. ಹಾರುವ ಹಕ್ಕಿಯನ್ನೇ ಪಂಜರಕ್ಕೆ ಹಾಕಿದರೆ ಅಳುತ್ತದೆ, ಇಂಥ ಚೆಂದದ ನಾಡಿಗೆ ಬಿಡುಗಡೆಯ ಆಸೆ ಇರುವುದಿಲ್ಲವೇ?

ಇಲ್ಲೊಂದು ಜಾಣತನ ಇದೆ. ನಾಡಿನ ಚೆಲುವಿಗೆ ಮರುಳಾದ ಪರದೇಶಿಗಳು ಅಂತ ಹಾಡಿನಲ್ಲಿ ಬರುತ್ತದೆ. ಯಾವ ದೇಶದವರು ಅಂತ ಹೆಸರಿಲ್ಲ. ಹೆಸರು ಹೇಳಿ ಬೈಯುವ ಹಾಡು ಆ ಹೆಸರಿನವನು ಹೋದ ದಿನವೇ ಹಳತಾಗುತ್ತದೆ. ಪಂಜರದ ಹಕ್ಕಿ ಹಾಗಲ್ಲ, ಪಂಜರದ ಮಾಲೀಕ ಬದಲಾದರೂ ಅಳು ಅದೇ. 1972ರಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಮಿಲಿಟರಿ ಕಾಯ್ದೆ ಹೇರಿದಾಗ ಪರದೇಶಿಯ ಜಾಗದಲ್ಲಿ ಸ್ವದೇಶಿ ಬಂದು ಕೂತ. ಹಾಡಿನ ಒಂದಕ್ಷರ ತಿದ್ದಬೇಕಾಗಲಿಲ್ಲ. ಅದನ್ನು ಬಹಿರಂಗವಾಗಿ ಹಾಡುವುದೇ ತಪ್ಪಾಯಿತು. 1983ರಲ್ಲಿ ವಿರೋಧ ಪಕ್ಷದ ನಾಯಕ ನಿನೊಯ್ ಅಕಿನೊ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಟ್ಟು ಕೊಂದರು. ಅವರ ಅಂತ್ಯಯಾತ್ರೆಯಲ್ಲಿ ಜನ ಹಾಡಿದ್ದು ಇದನ್ನೇ. 1986ರ ಫೆಬ್ರವರಿಯಲ್ಲಿ ಎಡ್ಸಾ ರಸ್ತೆಯಲ್ಲಿ ನಾಲ್ಕು ದಿನ ಜನಸಾಗರ, ಮತ್ತೆ ಇದೇ ಹಾಡು. ಮಾರ್ಕೋಸ್ ವಿಮಾನ ಹತ್ತಿ ಹವಾಯಿಗೆ ಹೋದರು.

ಒಂದು ತಮಾಷೆ. ಆ ಚಳವಳಿಯ ಹಳದಿ ಬಣ್ಣ ಎಲ್ಲಿಂದ ಬಂತು ಅಂದುಕೊಂಡಿರಿ? ಜೈಲಿಂದ ಮನೆಗೆ ಬರುವವನಿಗಾಗಿ ಮರಕ್ಕೆ ಹಳದಿ ರಿಬ್ಬನ್ ಕಟ್ಟುವ ಒಂದು ಅಮೆರಿಕನ್ ಪಾಪ್ ಹಾಡಿನಿಂದ! ನಿನೊಯ್ ಬರುತ್ತಾರೆ ಅಂತ ಜನ ರಿಬ್ಬನ್ ಕಟ್ಟಿ ಕಾಯುತ್ತಿದ್ದರು. ದೇಶಾಭಿಮಾನಕ್ಕೆ ಆಳಿದವರ ಹಾಡೇ ಬಣ್ಣ ಕೊಟ್ಟಿತು.

ಮಾರ್ಕೋಸ್ ವಿರೋಧಿ ಚಳವಳಿಯಲ್ಲಿ 'ಬಾಯನ್ ಕೊ' ಹಾಡಿದವರಲ್ಲಿ ಫ್ರೆಡ್ಡಿ ಅಗಿಲಾರ್ ಮುಖ್ಯರು. ಅವರ ಇನ್ನೊಂದು ಹಾಡು 'ಅನಾಕ್', ಅಂದರೆ ಮಗು. ಹೆತ್ತವರು ನಿದ್ದೆಗೆಟ್ಟು ಸಾಕುತ್ತಾರೆ, ಮಗ ದಾರಿ ತಪ್ಪುತ್ತಾನೆ, ಕೊನೆಗೆ ಅಳುತ್ತಾನೆ. ಇದರ ಹಿಂದೆ ಇರುವುದು ಫಿಲಿಪಿನೊಗಳು 'ಉತಾಂಗ್ ನಾ ಲೊಓಬ್' ಅನ್ನುವ ಭಾವ. ಉತಾಂಗ್ ಅಂದರೆ ಸಾಲ, ಲೊಓಬ್ ಅಂದರೆ ಒಳಗು. ಇಂಗ್ಲಿಷಿನವರು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಎರಡಕ್ಷರ ಸಾಕು, ಋಣ. ಅನ್ನದ ಋಣ ಅನ್ನುತ್ತೇವಲ್ಲ, ಅದೇ. 1978ರ ಮನಿಲಾ ಹಾಡಿನ ಸ್ಪರ್ಧೆಯಲ್ಲಿ 'ಅನಾಕ್' ಗೆಲ್ಲಲಿಲ್ಲ. ಗೆದ್ದದ್ದು 'ನಮ್ಮ ಸಂಗೀತ ಎಷ್ಟು ಚೆಂದ' ಅಂತ ಹೇಳುವ ಹಾಡು. ಆಮೇಲೆ ಹತ್ತಾರು ಭಾಷೆಗೆ ಹೋಗಿದ್ದು ಮಾತ್ರ ಸೋತ ಹಾಡು.

ಅದೇ ಸ್ಪರ್ಧೆಯಲ್ಲಿ ಹೇಬರ್ ಬಾರ್ತೊಲೊಮೆ ಅವರ ಹಾಡೂ ಇತ್ತು. ನಾವು ಪಿನೊಯ್‌ಗಳು (ಅಂದರೆ ಫಿಲಿಪಿನೊಗಳು), ಅಮೆರಿಕದವರಲ್ಲ, ಮೂಗು ಚಪ್ಪಟೆ ಇದ್ದರೆ ನಾಚಿಕೆ ಯಾಕೆ ಅಂತ. ಬಾವುಟ, ಬೆಟ್ಟ, ನದಿ ಎಲ್ಲ ಬಿಟ್ಟು ಮೂಗಿನಿಂದ ದೇಶಾಭಿಮಾನ ಶುರು ಮಾಡಿದ್ದಾರೆ. ನನಗಂತೂ ಇದಕ್ಕಿಂತ ಪ್ರಾಮಾಣಿಕವಾದ ದೇಶಭಕ್ತಿ ಗೀತೆ ಕಂಡಿಲ್ಲ.

ಎಡಿಟರ್ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ. ರೇಡಿಯೊ ಗಂಟೆಗೆ ಒಂದಾದರೂ ಸ್ವದೇಶಿ ಹಾಡು ಹಾಕಬೇಕು ಅಂತ 1975ರಲ್ಲಿ ನಿಯಮ ತಂದದ್ದು ಮಾರ್ಕೋಸ್ ಕಾಲದಲ್ಲೇ. 1987ರಲ್ಲಿ ನಿನೊಯ್ ಅವರ ಪತ್ನಿ, ಆಗಿನ ಅಧ್ಯಕ್ಷೆ ಕೊರಿ ಅಕಿನೊ ಅದನ್ನು ನಾಲ್ಕಕ್ಕೆ ಏರಿಸಿದರು. 1990ರ ಹೊತ್ತಿಗೆ ಫ್ರಾನ್ಸಿಸ್ ಮಗಲೋನ ಅಮೆರಿಕದ ರ‍್ಯಾಪನ್ನು ತಗಾಲಗ್‌ಗೆ ತಂದು ದೇಶಬಾಂಧವರೇ ಅಂತ ಕರೆದರು. ಮಾರ್ಕೋಸ್‌ಗೂ ಒಂದು ಕವಾಯತು ಗೀತೆ ಇತ್ತು. ಅದನ್ನು ಬರೆದ ಲೆವಿ ಸೆಲೆರಿಯೊ ಅವರೇ ದೇಶದ ಅತಿ ಪ್ರೀತಿಯ ಜೋಗುಳವನ್ನೂ ಬರೆದವರು, ಎಲೆಯನ್ನು ತುಟಿಗಿಟ್ಟು ರಾಗ ನುಡಿಸುತ್ತಿದ್ದವರು. 2022ರಲ್ಲಿ ಮಾರ್ಕೋಸ್ ಮಗನ ಚುನಾವಣಾ ಪ್ರಚಾರಕ್ಕೆ ಆ ಕವಾಯತು ಗೀತೆ ಹೊಸ ವಾದ್ಯಗಳೊಂದಿಗೆ ಮರಳಿತು. ಮಗ ಗೆದ್ದರು.

ಹಾಗಾದರೆ ರಾಷ್ಟ್ರಗೀತೆ? ಅದೂ ಕವಾಯತಿನ ಧಾಟಿಯೇ. 1898ರಲ್ಲಿ ಅದು ಹುಟ್ಟಿದಾಗ ಸಾಹಿತ್ಯವೇ ಇರಲಿಲ್ಲ. 1998ರ ಕಾನೂನಿನ ಪ್ರಕಾರ ಮೂಲ ಧಾಟಿಯಲ್ಲೇ ಹಾಡಬೇಕು, ತಪ್ಪಿದರೆ ದಂಡ ಅಥವಾ ಜೈಲು. 2009ರಲ್ಲಿ ಲಾಸ್ ವೇಗಸ್‌ನ ಬಾಕ್ಸಿಂಗ್ ಪಂದ್ಯದಲ್ಲಿ ಒಬ್ಬ ಗಾಯಕ ಎಳೆದು ಎಳೆದು ಹಾಡಿದ್ದಕ್ಕೆ ದೊಡ್ಡ ರಂಪವೇ ಆಯಿತು.

ಹಕ್ಕಿಯ ಹಾಡಿಗೆ ಅಂಥ ಕಟ್ಟು ಇಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ನೀವೂ ದನಿಗೂಡಿಸಿ ದುಬೈ ಅಣ್ಣಾ, ಎಷ್ಟು ಬೇಕಾದರೂ ಎಳೆಯಬಹುದು.