ಕುಟಿಲನಿಗೆ ಅವಕಾಶ ಕೊಡುವವರು

ನಮಸ್ಕಾರ. ವ್ಯಕ್ತಿತ್ವದ ಕರಾಳ ಗುಣಗಳ ಮಾತು ಬಂದಾಗಲೆಲ್ಲ ನಾವು ಒಬ್ಬ ದುಷ್ಟನನ್ನು ಹುಡುಕಲು ಹೊರಡುತ್ತೇವೆ. ಅವನ ಸುತ್ತ ಇರುವವರತ್ತ ಕಣ್ಣು ಹಾಯಿಸುವುದೇ ಇಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ತನ್ನನ್ನೇ ಮಹಾನ್ ಎಂದುಕೊಳ್ಳುವ ಆತ್ಮರತಿ, ಇತರರನ್ನು ದಾಳವಾಗಿಸಿಕೊಳ್ಳುವ ಕುಟಿಲತೆ, ಕರುಣೆ ಪಶ್ಚಾತ್ತಾಪಗಳ ಸುಳಿವಿಲ್ಲದ ಸೈಕೋಪತಿ, ಈ ಮೂರನ್ನು 2002ರಲ್ಲಿ ಡೆಲ್ರಾಯ್ ಪಾಲ್ಹಸ್ ಮತ್ತು ಕೆವಿನ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ‘ಡಾರ್ಕ್ ಟ್ರಯಾಡ್’ (ಕರಾಳ ತ್ರಿವಳಿ) ಎಂಬ ಒಂದೇ ಹೆಸರಿನಡಿ ತಂದರು. ಅವರು ಹೇಳುತ್ತಿದ್ದುದು ರೋಗದ ಕುರಿತಲ್ಲ, ಸಾಮಾನ್ಯ ಜನರಲ್ಲಿಯೂ ಹೆಚ್ಚುಕಡಿಮೆ ಇರುವ ಗುಣಗಳ ಕುರಿತು.

‘ನಾನು, ನನ್ನದು’ ಎನ್ನುವ ವ್ಯಕ್ತಿಪ್ರಧಾನ ಸಮಾಜಗಳಲ್ಲಿಯೇ ಆತ್ಮರತಿ ಹೆಚ್ಚು ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಮನಶ್ಶಾಸ್ತ್ರಜ್ಞ ಪೀಟರ್ ಜೋನಸನ್ ಮತ್ತು ಸಂಗಡಿಗರು 49 ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲುಕೀಳಿನ ಶ್ರೇಣಿ ಗಟ್ಟಿಯಾಗಿರುವ, ವ್ಯಕ್ತಿಗಿಂತ ಗುಂಪಿಗೆ ಹೆಚ್ಚು ಬೆಲೆ ಕೊಡುವ ದೇಶಗಳಲ್ಲಿ ಅದರ ಅಂಕ ಹೆಚ್ಚಾಗಿ ಕಂಡಿತು. ನನಗಿದು ಅಚ್ಚರಿಯೆನಿಸುವುದಿಲ್ಲ. ವಿನಯವೇ ಮರ್ಯಾದೆಯ ಗುರುತಾಗಿರುವ ಕಡೆ ಯಾರೂ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವುದಿಲ್ಲ. ಬದಲಿಗೆ ಆತ್ಮರತಿಯ ಹಿರಿಯರೊಬ್ಬರು ಸಭೆಯಲ್ಲಿ ಎದ್ದು ನಿಂತು, ‘ನನ್ನದೇನೂ ಇಲ್ಲ, ಎಲ್ಲ ಹಿರಿಯರ ಆಶೀರ್ವಾದ’ ಎಂದು ಕೈಮುಗಿದು, ಕಿರಿಯನೊಬ್ಬ ವಾರಗಟ್ಟಲೆ ಕೂತು ಸಿದ್ಧಪಡಿಸಿದ ವರದಿಯನ್ನು ತಮ್ಮ ಹೆಸರಿನಲ್ಲಿಯೇ ಮುಂದಿಡುತ್ತಾರೆ. ಹಿರಿಯರ ಮಾತಿಗೆ ಎದುರಾಡಬಾರದೆಂಬ ಶಿಷ್ಟಾಚಾರವಿರುವುದರಿಂದ ಆ ಕಿರಿಯ ಬಾಯಿ ಬಿಡುವುದಿಲ್ಲ. ಬೇರೊಂದು ಸಮಾಜದಲ್ಲಿ ಅದೇ ಸ್ವಭಾವದವನು ನೇರವಾಗಿ, ‘ಇದು ನನ್ನಿಂದಲೇ ಆಯಿತು’ ಎನ್ನುತ್ತಾನೆ, ಜನ ಅದನ್ನು ಆತ್ಮವಿಶ್ವಾಸವೆಂದು ಮೆಚ್ಚುತ್ತಾರೆ. ಇಬ್ಬರೂ ಬೇಯಿಸಿಕೊಂಡದ್ದು ತಮ್ಮ ಬೇಳೆಯನ್ನೇ.

ಹಾಗೆಂದು ಇಂಥ ಅಂಕಗಳನ್ನಿಟ್ಟುಕೊಂಡು ದೇಶಗಳಿಗೆ ರ‍್ಯಾಂಕ್ ಕೊಡುವುದು ತಪ್ಪು. ಇವು ಹೆಚ್ಚಾಗಿ ಜನರು ತಮ್ಮ ಬಗ್ಗೆ ತಾವೇ ತುಂಬಿದ ಪ್ರಶ್ನಾವಳಿಗಳಿಂದ ಬಂದವು. ಪ್ರತಿಯೊಬ್ಬನೂ ತನ್ನ ಸುತ್ತಲಿನವರಿಗೆ ಹೋಲಿಸಿಕೊಂಡೇ ಉತ್ತರಿಸುತ್ತಾನೆ. ಅಲ್ಲದೆ, ಕುಟಿಲತೆಯಲ್ಲಿ ಪಳಗಿದವನು ಆ ಹಾಳೆಯ ಮುಂದೆ ಮಾತ್ರ ಪ್ರಾಮಾಣಿಕನಾಗುತ್ತಾನೆಂದು ನಂಬುವುದಾದರೂ ಹೇಗೆ?

ಗುಣವನ್ನು ಗುರುತಿಸುವುದಕ್ಕೆ ಪ್ರಶ್ನಾವಳಿಯೇ ಬೇಕೆಂದೂ ಇಲ್ಲ. 1976ರಲ್ಲಿ ಜೇನ್ ಮರ್ಫಿ ಎಂಬ ಸಂಶೋಧಕಿ ಬರೆದಂತೆ, ಅಲಾಸ್ಕಾದ ಯೂಪಿಕ್ ಭಾಷೆಯಾಡುವ ಮೂಲನಿವಾಸಿಗಳು ಪದೇ ಪದೇ ಸುಳ್ಳು ಹೇಳುವ, ಕದಿಯುವ, ಬೇಟೆಗೆ ಹೋಗದೆ ಹಿಂದುಳಿದು ಇತರರ ಹೆಂಗಸರ ಮೇಲೆ ಕಣ್ಣು ಹಾಕುವ ಮನುಷ್ಯನನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಅಂಥವನನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಬೇರೆ ಯಾರೂ ನೋಡದಿರುವಾಗ ಯಾರಾದರೊಬ್ಬರು ಹಿಮದ ಅಂಚಿನಿಂದ ತಳ್ಳಿಬಿಡುತ್ತಿದ್ದರೇನೋ ಎಂಬ ಉತ್ತರ ಬಂತಂತೆ. ಆ ಕ್ರೌರ್ಯವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಗುಂಪಿನಲ್ಲಿ ವಂಚಕನ ಹೆಸರು ಒಮ್ಮೆ ಕೆಟ್ಟರೆ ಕೆಟ್ಟಂತೆಯೇ. ಮಹಾನಗರದಲ್ಲಾದರೆ ಅವನು ಕೆಲಸ ಬದಲಿಸಿ, ಮನೆ ಬದಲಿಸಿ, ತನ್ನ ಹಳೆಯ ಕಥೆ ಗೊತ್ತಿಲ್ಲದವರ ನಡುವೆ ಹೊಸದಾಗಿ ಶುರುಮಾಡಬಲ್ಲ.